ನಟ್ಟಿನ ಹೊಟ್ಟೆಯೊಳಗಿನ ದಾರ

"ಆ ಸ್ಪ್ಯಾನರ್ ಕೆಳಗಿಡು!"

ಹೊನ್ನವ್ವನ ದನಿಗೆ ಸುಟ್ಟ ಕೋಣೆಯ ಗೋಡೆಯಿಂದ ಒಂದಿಷ್ಟು ಮಸಿ ಉದುರಿತು. ಏಣಿಯ ಮೇಲಿದ್ದ ಮದಿಹಾ ಮಾತ್ರ ಅಲುಗಲಿಲ್ಲ.

"ಇಡೂದಿಲ್ಲ ಹೊನ್ನಕ್ಕ. ಎಂಟು ದಿನ ಆತು ನನ್ನ ಗಂಡ ಜೈಲಿನ್ಯಾಗ ಕುಂತು. ಪಂಚನಾಮಾದಾಗ ಏನ್ ಬರದಾರ? 'ಮೆಕ್ಯಾನಿಕ್ ಅತೀಕ ಪೈಪಿನ ನಟ್ ಸಡಿಲ ಬಿಟ್ಟಿದ್ದ.' ಬಿಚ್ಚಿ ನೋಡ್ಯಾರೇನು? ಕೆಳಗ ನಿಂತು, ಮಾರಿ ಮ್ಯಾಲ ಮಾಡಿ, ಬರಕೊಂಡು ಹ್ವಾದ್ರು!"

"ಬಿಚ್ಚಬ್ಯಾಡ ಅಂತ ಯಾರಂದ್ರವ್ವ? ನನ್ನ ಫೋನಿನಾಗ ವಿಡಿಯೋ ಚಾಲೂ ಆಗೂಮಟ ತಡಿ ಅಂದೆ. ನಾಳೆ ಕೋರ್ಟಿನ್ಯಾಗ ಆ ನಟ್ಟಿನ್ಯಾಗ ನೀನಽ ಏನೋ ತುರುಕಿದಿ ಅಂತಾರ. ಆವಾಗ ಯಾರ ಮ್ಯಾಲೆ ಒದರ್ತಿ?"

ಮದಿಹಾ ಸ್ಪ್ಯಾನರನ್ನು ಏಣಿಯ ಮೆಟ್ಟಿಲ ಮೇಲಿಟ್ಟಳು. ಒದರಲು ಜನ ಕಡಿಮೆ ಇರಲಿಲ್ಲ ಅವಳಿಗೆ. ಇಡೀ ಸವಣೂರೇ ಇತ್ತು.

ವಕೀಲ ಪ್ರಹ್ಲಾದರಾಯರು ಭಾನುವಾರ ಬೆಳಿಗ್ಗೆ ಇದೇ ಕೋಣೆಯಲ್ಲಿ ದೇವರ ಪಟಕ್ಕೆ ದೀಪ ಹಚ್ಚಲು ಕಡ್ಡಿ ಗೀರಿದ್ದರು. ಕೋಣೆಗೆ ಕೋಣೆಯೇ ಭುಗ್ಗೆಂದಿತ್ತು. ಮಂಗಳವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೂ ಮುಂಚಿನ ಗುರುವಾರ ಈ ಗೋಡೆಗೆ ಸ್ಪ್ಲಿಟ್ ಎ.ಸಿ. ಕೂಡಿಸಿದವನು ಅತೀಕ. ಅಷ್ಟು ಸಾಕಾಯಿತು. ಎ.ಸಿ. ಗ್ಯಾಸು ಸೋರಿತು, ಸಾಬರ ಹುಡುಗನ ಕೈಗೆ ನಟ್ಟು ಬಿಗಿಯಲು ಬರಲಿಲ್ಲ, ದೊಡ್ಡ ಮನುಷ್ಯ ಸತ್ತ. ಚಹಾದಂಗಡಿಯಲ್ಲಿ ಕೇಸು ಅರ್ಧ ಕಪ್ಪಿನೊಳಗೇ ಮುಗಿದಿತ್ತು.

ಹೊನ್ನವ್ವ ಹಿರೇಕೆರೂರಿನವಳು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ ಮೂರು ವರ್ಷವಾದರೂ ಅವಳ ದನಿಗೆ ಯಾರೂ ನಿವೃತ್ತಿ ಆದೇಶ ಕೊಟ್ಟಿರಲಿಲ್ಲ. ಮದಿಹಾ ಅವಳ ಮನೆಗೆ ಹೋಗಿ ಕಾಲು ಹಿಡಿದಿರಲಿಲ್ಲ, ಜಗಳ ತೆಗೆದಿದ್ದಳು. 'ನಿಮ್ಮ ಖಾತೆದವ್ರು ಮಾಡಿದ ತಪ್ಪು, ನೀವಽ ತಿದ್ದಿ ಕೊಡ್ರಿ' ಎಂದಿದ್ದಳು. ಆ ಜಗಳವೇ ಹೊನ್ನವ್ವನಿಗೆ ಹಿಡಿಸಿತ್ತು.

"ಹೂಂ, ಚಾಲೂ ಆತು. ಈಗ ಬಿಚ್ಚು. ಬಿಚ್ಚಿಕೋಂತ ಬಾಯಿಲೆ ಹೇಳು, ಏನ್ ಮಾಡಾಕತ್ತಿ ಅಂತ. ಬಾಯಾರ, ನೀವೂ ನೋಡ್ರಿ, ನೀವಽ ಸಾಕ್ಷಿ."

ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಗೋಪಿಕಾಬಾಯಿ ತಲೆಯಾಡಿಸಿದರು. ರಾಯರ ಅಕ್ಕ, ಎಳೆಯ ವಯಸ್ಸಿಗೇ ಗಂಡ ಹೋಗಿ, ತಮ್ಮನ ಮನೆ ನಡೆಸಿಕೊಂಡು ಬಂದವರು. ಕೋಣೆಯ ಸೀಲು ತೆಗೆದ ಮರುದಿನವೇ ಇವರಿಬ್ಬರನ್ನು ಒಳಗೆ ಬಿಟ್ಟವರು ಅವರೇ.

ಮದಿಹಾ ಎರಡು ಸ್ಪ್ಯಾನರ್ ಹಿಡಿದಳು. ಎರಡರ ಹಿಡಿಗೂ ಕೆಂಪು ಉಗುರುಬಣ್ಣದ ಚುಕ್ಕೆ. ಅಂಗಡಿಯ ಒಂದೊಂದು ಸಾಮಾನಿಗೂ ಅವಳು ಹಾಗೆ ಚುಕ್ಕೆ ಇಡುತ್ತಿದ್ದಳು, ಎರವಲು ಹೋದದ್ದು ದಾರಿ ಮರೆಯದಿರಲಿ ಎಂದು. ಐ.ಟಿ.ಐ.ಯಲ್ಲಿ ಇದೇ ಕೆಲಸ ಕಲಿತವಳು. ಅತೀಕ ಕಲಿತದ್ದು ಅವಳಿಂದಲೇ ಎಂದು ಅವಳೂ ಹೇಳುತ್ತಿದ್ದಳು, ಅವನೂ ಒಪ್ಪುತ್ತಿದ್ದ.

"ಕೇಳ್ರಿ. ಹೊರಗಿನ ಡಬ್ಬಿಯಿಂದ ಒಳಗಿನ ಡಬ್ಬಿಗೆ ಎರಡು ತಾಮ್ರದ ಪೈಪು. ಒಂದು ಸಣ್ಣದು, ಒಂದು ದಪ್ಪಂದು. ಗ್ಯಾಸು ಇದರಾಗಽ ಹೋಗಿ ಬಂದು ಮಾಡತೈತಿ. ಕೂಡಿಸೂ ಮುಂದ ಪೈಪಿಗೆ ಮೊದಲು ನಟ್ ಹಾಕಬೇಕು, ಆಮ್ಯಾಲೆ ಪೈಪಿನ ಬಾಯಿ ಅರಳಿಸಬೇಕು, ದತ್ತೂರಿ ಹೂವಿನಂಗ. ಆ ಅರಳಿದ ಬಾಯಿ ಹೋಗಿ ಹಿತ್ತಾಳಿ ಮೂಗಿನ ಮ್ಯಾಲೆ ಕುಂದ್ರಬೇಕು. ನಡುವ ಒಂದು ಹನಿ ಎಣ್ಣಿ. ಮೊದಲ ಸುತ್ತು ಕೈಲೆ, ಆಮ್ಯಾಲೆ ಎರಡು ಸ್ಪ್ಯಾನರ್. ಅಷ್ಟಽ. ಟೇಪು ಬ್ಯಾಡ, ಸಲೂಷನ್ ಬ್ಯಾಡ. ಲೋಹಕ್ಕ ಲೋಹ ಕೂಡಿದ್ರ ಗಾಳೀನೂ ದಾಟೂದಿಲ್ಲ."

"ಅತೀಕ ಏನಂತಾನ ಈ ನಟ್ಟಿನ ಬಗ್ಗೆ?"

"ಏನಂತಾನ! ಮೊನ್ನೆ ನೋಡಾಕ ಹೋದ್ರ ಒಂದಽ ಮಾತು. 'ಆ ಮನಿಗೆ ಹೋಗಬ್ಯಾಡ, ಆ ನಟ್ ಬಿಚ್ಚಬ್ಯಾಡ.' ಹೆದರಪುಕ್ಕ! ಹೊರಗ ನಾ ಎಲ್ಲಾರ ಕೂಡ ಬಡದಾಡಾಕತ್ತೇನಿ, ಅಂವ ಒಳಗ ಕುಂತು ಬಿಚ್ಚಬ್ಯಾಡ ಅಂತಾನ."

ಸಿಟ್ಟಿನಲ್ಲೇ ಸ್ಪ್ಯಾನರ್ ತಿರುಗಿಸಿದಳು.

ದಪ್ಪ ಪೈಪಿನ ನಟ್ಟು ಕದಲಿತು. ಹಿತ್ತಾಳೆ ಬಿಗಿ ಬಿಟ್ಟಾಗ ಬರುವ ಚಿಟ್ಟೆನ್ನುವ ಸದ್ದು ಬರಲಿಲ್ಲ. ಮೆತ್ತಗೆ, ಬಟ್ಟೆಯೊಳಗಿಂದ ಬೆರಳು ಎಳೆದಂತೆ ಬಂತು. ಮದಿಹಾಳ ಕೈ ನಿಂತಿತು.

"ಇದೇನಿದು?"

ನಟ್ಟಿನ ಒಳಗೆ, ತಿರುಪಿನ ಸುತ್ತುಗಳ ನಡುವೆ, ಹಸಿರು ದಾರ. ಪೈಪಿನ ಮೇಲಿನ ಸುತ್ತುಪಟ್ಟಿ ಬೆಂಕಿಗೆ ಕರಗಿ ಕರಕಾಗಿತ್ತು. ನಟ್ಟಿನ ಹೊಟ್ಟೆಯೊಳಗೆ ಮಾತ್ರ ದಾರ ನಿನ್ನೆ ಸುತ್ತಿದಂತೆ ಹಸಿರಾಗಿತ್ತು. ಮೇಣ ಸವರಿದ ದಾರ.

"ದಾರ! ನಮ್ಮ ಕೆಲಸಕ್ಕ ದಾರ!" ಮದಿಹಾ ಏಣಿಯ ಮೇಲೆಯೇ ಕುಣಿದಾಡಿಬಿಡುವಂತಿದ್ದಳು. "ಎಂಥಾ ಕತ್ತೆ ಮಾಡಿದ್ದಿದು? ದಾರ ಸುತ್ತಿದ್ರ ನಟ್ ಪೂರಾ ಕುಂದರೂದಽ ಇಲ್ಲ, ಸೋರಾಕ ದಾರಿ ಮಾಡಿಕೊಟ್ಟಂಗ! ಪೈಪಿನ ಬಾಯಿ ನೋಡ್ರಿ ಹೊನ್ನಕ್ಕ, ಎಷ್ಟು ಚೊಕ್ಕ ಅರಳೇತಿ. ಬಾಯಿ ನನ್ನ ಗಂಡಂದು. ದಾರ ಯಾರ್ದು?"

ಹೊನ್ನವ್ವ ಎಲೆ-ಅಡಿಕೆಯ ಡಬ್ಬಿಯನ್ನು ಸೆರಗಿಗೆ ಬರಿದು ಮಾಡಿ, ಮದಿಹಾ ಪೈಪಿನ ತುದಿ ಕತ್ತರಿಸಿ ಕೊಟ್ಟ ನಟ್ಟನ್ನು ದಾರದ ಸಮೇತ ಅದರೊಳಗಿಟ್ಟಳು. ಮುಚ್ಚುವ ಮುಂಚೆ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು. ದಾರ ಎಡಕ್ಕೆ ಸುತ್ತಿತ್ತು. ನೂರು ಮಂದಿ ಬಲಕ್ಕೆ ಸುತ್ತುವುದನ್ನು ಒಬ್ಬ ಎಡಕ್ಕೆ ಸುತ್ತಿದ್ದ.

"ಬಾಯಾರ, ಗುರುವಾರ ಕೂಡಿಸಿದ ಮ್ಯಾಲೆ ಇದನ್ನ ಯಾರರ ಬಿಚ್ಚಿದ್ರೇನ್ರಿ?"

"ನನಗ ಗೊತ್ತಿಲ್ಲವಾ. ಶುಕ್ರವಾರ ಪ್ರಹ್ಲಾದಂದು ಹಾನಗಲ್ ಕೋರ್ಟಿನ್ಯಾಗ ತಾರೀಖಿತ್ತು. ನಾನೂ ಸಂಗತೀಲೆ ಹೋಗಿದ್ದೆ, ನಮ್ಮ ಬಳಗದ ವೃಂದಾನ ಮಗೂನ್ನ ನೋಡ್ಲಿಕ್ಕೆ. ಬರೂದ್ರಾಗ ದೀಪ ಹಚ್ಚೋ ಹೊತ್ತಾಗಿತ್ತು. ನಮಕಿಂತ ಮೊದಲ ಸುಶೀಂದ್ರ ಬಂದು ಕೂತಿದ್ದ, ನಮ್ಮ ಸಣ್ಣ ತಮ್ಮ, ಶಿಗ್ಗಾಂವಿಂದ." ಬಾಯಿಯವರು ದನಿ ತಗ್ಗಿಸಿದರು. "ಈ ಕೋಣೀ ಕೀಲಿ ತುಳಸೀಕಟ್ಟಿ ಗೂಡಿನ್ಯಾಗ ಇರ್ತದ. ಇಡೀ ಓಣಿಗೆ ಗೊತ್ತದ."

"ಶನಿವಾರ?"

"ಶನಿವಾರ ಇಡೀ ದಿನ ಅಡಿಗಿ ಗ್ಯಾಸಿನ ವಾಸನಿ ಬರ್ಲಿಕ್ಹತ್ತಿತ್ತು. ನಾ ಮೂರು ಸಲ ಒಲಿ ನೋಡಿದೆ, ಸಿಲಿಂಡರ್ ನೋಡಿದೆ. ಪೊಲೀಸ್ರಿಗೆ ಹೇಳಿದ್ರ, 'ಎ.ಸಿ. ಗ್ಯಾಸ್ ಹಂಗಽ ಇರ್ತದ ಅಜ್ಜಿ' ಅಂದ್ರು."

ಮದಿಹಾ ಧಡಧಡ ಏಣಿ ಇಳಿದು ಬಂದಳು. "ಹಂಗಿರೂದಿಲ್ರಿ! ಈ ಎ.ಸಿ. ಗ್ಯಾಸಿಗೆ ಅಂಥಾ ವಾಸನಿನಽ ಇಲ್ಲ. ಒಂದು ಕಡ್ಡಿಗೆ ಹಂಗ ಭುಗ್ಗನ ಹತ್ತೂದೂ ಇಲ್ಲ. ಅಡಿಗಿ ಗ್ಯಾಸ್ ತುಂಬ್ಯಾರ ಹೊನ್ನಕ್ಕ! ನಟ್ ಬಿಚ್ಚಿದ ಕೂಡ್ಲೆ ಖರೇ ಗ್ಯಾಸ್ ಹಾರಿಹೋಗೇತಿ. ಆಮ್ಯಾಲೆ ಯಾರೋ ಮನಿ ಸಿಲಿಂಡರಿಂದ ತುಂಬ್ಯಾರ. ಒಂದೀಟು ತಂಪು ಕೊಡತೈತಿ, ಯಾರಿಗೂ ಗೊತ್ತಾಗೂದಿಲ್ಲ. ಆದ್ರ ಈ ದಾರದಾಗ ರಾತ್ರಿ ಹಗಲು ಸೋರತೈತಿ. ಮುಚ್ಚಿದ ಕೋಣಿ. ರಾಯರಿಗೆ ಅಷ್ಟು ವಾಸನಿ ಬರಲಿಲ್ಲಂದ್ರ?"

"ನಶ್ಯಾ," ಎಂದರು ಗೋಪಿಕಾಬಾಯಿ. ಅಷ್ಟೇ ಎಂದು ಸೆರಗು ಬಾಯಿಗಿಟ್ಟುಕೊಂಡರು. ನಲವತ್ತು ವರ್ಷ ನಶ್ಯ ಏರಿಸಿದ ಮೂಗಿಗೆ ಮಲ್ಲಿಗೆಯೂ ಒಂದೇ, ಗ್ಯಾಸೂ ಒಂದೇ.

ಮದಿಹಾ ಮತ್ತೆ ಏಣಿ ಹತ್ತಿ, ಸಣ್ಣ ಪೈಪಿನ ನಟ್ಟನ್ನೂ ಬಿಚ್ಚಿ, ಕರಗಿ ಜೋತಾಡುತ್ತಿದ್ದ ಡಬ್ಬಿಯನ್ನು ಕೊಂಡಿಯಿಂದ ಎತ್ತಿ ಇಳಿಸಿದಳು. ಗೋಡೆಗೆ ಹೊಡೆದ ತಗಡಿನ ನಡುವೆ ದೊಡ್ಡ ಕಿಂಡಿ. ಕಿಂಡಿಯ ಹಿಂದೆ ಗೋಡೆಯೊಳಗೇ ಒಂದು ಹಳೆಯ ಗೂಡು. ಒಳಗೆ ಧೂಳು; ಧೂಳಿನ ನಡುವೆ ಅಂಗೈ ಅಗಲದ ಚೊಕ್ಕ ಜಾಗ. ಅಲ್ಲಿದ್ದ ಏನನ್ನೋ ಯಾರೋ ಎತ್ತಿಕೊಂಡು ಹೋಗಿದ್ದರು.

"ಅದಕ್ಕಽ!" ಹೊನ್ನವ್ವ ಹಲ್ಲು ಕಡಿದಳು. "ಎ.ಸಿ. ಇಳಿಸದ ಈ ಗೂಡಿಗೆ ಕೈ ಹೋಗೂದಿಲ್ಲ. ನಟ್ ಬಿಚ್ಚದ ಎ.ಸಿ. ಇಳಿಯೂದಿಲ್ಲ. ಬಿಚ್ಚ್ಯಾರ, ತಗೊಂಡಾರ, ದಾರ ಸುತ್ತಿ ಮತ್ತ ಕೂಡಿಸ್ಯಾರ. ಆಮ್ಯಾಲೆ ಸತ್ತಾಂವ ಸತ್ತ, ಜೈಲಿಗೆ ಮಾತ್ರ..."

"ಯಾರನ್ನ ಕೇಳಿ ಇಳಿಸಿದ್ರಿ ಅದನ್ನ?"

ಬಾಗಿಲಲ್ಲಿ ಸುಶೀಂದ್ರ ನಿಂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಶಿಗ್ಗಾಂವಿಯಲ್ಲಿ ಮನೆ ಕಟ್ಟಿಸಿಕೊಡುವ ಇಂಜಿನಿಯರು. ಬಲಗೈಯ ಎರಡು ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಅಣ್ಣನನ್ನು ಬೆಂಕಿಯಿಂದ ಎಳೆಯಲು ಹೋಗಿ ಸುಟ್ಟಿತೆಂದು ಊರಿಗೆಲ್ಲ ಗೊತ್ತಿತ್ತು. ಮುಂಗೈಯ ದಟ್ಟ ಕೂದಲು ಮಾತ್ರ ಎಳೆ ಮುರಿಯದೆ ಹಾಗೇ ಇತ್ತು.

"ನಾಳೆ ಹತ್ತನೇ ದಿನ ಅದ. ಮನಿ ತೊಳೀಬೇಕು. ಇದೆಲ್ಲಾ ಗುಜರಿಗೆ ಹೋಗೂದದ. ಅಕ್ಕಾ, ನಿನಗರ ತಿಳೀಬಾರ್ದ? ಕೊಂದವನ ಹೆಂಡತೀನ್ನ ಕರಕೊಂಡು..."

"ಏಯ್!" ಮದಿಹಾ ಅರ್ಧ ಏಣಿಯಿಂದಲೇ ಹಾರಿದಳು. "ಕೊಂದವ ಅಂದ್ರ ನಾಲಿಗಿ ಸುಟ್ಟೀತು! ನಿಮ್ಮನಿ ನಟ್ಟಿನ್ಯಾಗ..."

ಹೊನ್ನವ್ವ ಅವಳ ರಟ್ಟೆ ಹಿಡಿದು ಜಗ್ಗಿದಳು. ದಾರದ ಮಾತು ಬಾಯಿಯಲ್ಲೇ ಉಳಿಯಿತು.

ಸುಶೀಂದ್ರನ ಕಣ್ಣು ಗೋಡೆಗೆ ಹೋಗಿತ್ತು. ಬರಿದಾದ ಗೂಡನ್ನು ನೋಡಿದ. ಬೈಗುಳ ಅಲ್ಲಿಗೇ ನಿಂತಿತು. ಆಮೇಲೆ ಮದಿಹಾಳ ಚೀಲ ನೋಡಿದ. ಕ್ಯಾನ್‌ವಾಸಿನ ಹಳೆಯ ಸಾಮಾನಿನ ಚೀಲ, ಏಣಿಯ ಬುಡದಲ್ಲಿ ನೆಟ್ಟಗೆ ಕೂರದೆ ಒಂದು ಕಡೆ ವಾಲಿಕೊಂಡಿತ್ತು.

"ಆ ಚೀಲ ತಗದು ತೋರಸು."

"ಚೀಲ ಮುಟ್ಟಿ ನೋಡ್ರಿ, ಕೈ ಮುರೀತೇನಿ. ನನ್ನ ಗಂಡನ ಸಾಮಾನು ಪೊಲೀಸ್ರು ಒಯ್ದಾರ. ಇದು ನಂದು. ನನ್ನ ಚೀಲ ನನ್ನ ಹೆಗಲ ಬಿಟ್ಟು ಇಳಿಯೂದಿಲ್ಲ."

"ಬರ್ತೇವ್ರಿ ಬಾಯಾರ," ಎಂದು ಹೊನ್ನವ್ವ ಎದ್ದಳು. "ಈ ಡಬ್ಬಿ ಗುಜರಿಗೆ ಹೋಗಬಾರದು. ಹೋತಂದ್ರ ನಿಮ್ಮ ತಮ್ಮನ ಸಾವಿನ ಲೆಕ್ಕ ನೀವಽ ಕೊಡಬೇಕಾಕ್ಕೈತಿ."

ಗೇಟಿನ ಹೊರಗೆ ಸುಶೀಂದ್ರನ ಬಿಳಿ ಕಾರು ನಿಂತಿತ್ತು. ಹೊನ್ನವ್ವ ಅದರ ಪಕ್ಕದಲ್ಲೇ ಎಲೆ-ಅಡಿಕೆ ಉಗಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

*

ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿನ ಬಸ್ಸಿನಲ್ಲಿ ಕೂತ ಮೇಲೂ ಮದಿಹಾಳ ಸಿಟ್ಟು ಇಳಿದಿರಲಿಲ್ಲ.

"ಹೇಳೂದರ ಹೇಳ್ರಿ, ಎಲ್ಲಿಗೆ ಹೊಂಟೇವಿ?"

"ನಮ್ಮೂರಿಗೆ. ಹತ್ತಿ ಮಿಲ್ಲಿನ್ಯಾಗ, ಗೋವಿನಜೋಳದ ಅಡತಿ ಅಂಗಡ್ಯಾಗ ಚೀಲದ ಬಾಯಿ ಹೊಲೀತಾರಲ್ಲ, ಆ ದಾರ ಇದು. ನಮ್ಮೂರ ಪಂಪಿನ ಕೆಲಸದವ್ರು ಇದನ್ನಽ ನೀರಿನ ಪೈಪಿನ ತಿರುಪಿಗೆ ಸುತ್ತತಾರ. ನೀರಿನ್ಯಾಗ ಉಬ್ಬಿ ಬಿಗೀ ಆಕ್ಕೈತಿ. ದಾರಕ್ಕ ಮೇಣ ಸವರಾಂವ ಊರಿಗೆ ಒಬ್ಬ. ಎಡಕ್ಕ ಸುತ್ತಾಂವನೂ ಒಬ್ಬ. ಇಬ್ರೂ ಒಬ್ಬನಽ. ನನ್ನ ಹೊಲದ ಬೋರಿಗೆ ಅಂವಂದಽ ಕೈ ಐತಿ."

"ಅಲ್ಲೇ ಯಾಕ ಹೇಳಲಿಲ್ಲ?"

"ಆ ಇಂಜಿನಿಯರ್ ಎದುರಿಗೆ? ನಿನ್ನ ಬಾಯಿಗೆ ಹೊಲಿಗಿ ಹಾಕಾಕೂ ಅದಽ ದಾರ ಬೇಕು." ಹೊನ್ನವ್ವ ಅವಳ ಕಡೆ ತಿರುಗಿದಳು. "ಖರೇ ಹೇಳು. ನಿಮಗೂ ರಾಯರಿಗೂ ಏನರ ತಂಟೆ ಇತ್ತೇನು?"

"ಏನಿಲ್ಲ. ಅಂದ್ರ... ನಮ್ಮತ್ತಿ ದಾವಲಬಿದು ಯಲವಿಗಿ ಸ್ಟೇಶನ್ ಹಂತ್ಯಾಕ ಒಂದು ಜಾಗ ಐತಿ, ಅವರಪ್ಪ ಕೊಟ್ಟದ್ದು, ಈಗ ಭಾರೀ ಕಿಮ್ಮತ್ತಿಂದು. ಅದರ ಕಾಗದ ರಾಯರ ಕಡೆ ಇಟ್ಟಿದ್ರು, ಕೇಸಿಗೆ. ಕೋರ್ಟಿನ್ಯಾಗ ಕಳದಾವ ಅಂದ್ರು ರಾಯರು. ಅತ್ತಿ ಎರಡು ವರ್ಷ ಅತ್ತಳು. ಅತೀಕ ಮಾತ್ರ ಒಂದಿನಾನೂ ಅವರ ಮ್ಯಾಲೆ ಸಿಟ್ಟು ಮಾಡಲಿಲ್ಲ. ಅವರಽ ಕರದ್ರಂತ ಎ.ಸಿ. ಕೂಡಿಸಿ ಬಂದ. ಅಂಥಾವನ್ನ ಹಿಡಕೊಂಡು ಒಯ್ದಾರ!"

ಹೊನ್ನವ್ವ ಹೂಂ ಎಂದಳು. ಆ ಹೂಂ ಸ್ವಲ್ಪ ಉದ್ದವಾಗಿತ್ತು. ಮದಿಹಾ ಗಮನಿಸಲಿಲ್ಲ.

*

ಮಾಲತೇಶನ ಪಂಪ್‌ಸೆಟ್ ದುರಸ್ತಿ ಅಂಗಡಿ ಮಾರ್ಕೆಟ್ ಯಾರ್ಡಿನ ಬೆನ್ನಿಗಿತ್ತು. ಎದುರಿನ ಕಟ್ಟೆಯ ಮೇಲೆ ಗೋವಿನಜೋಳದ ರಾಶಿ ಒಣಗುತ್ತಿತ್ತು; ಅದರ ಹೊಟ್ಟು ಗಾಳಿಗೆ ಹಾರಿ ಬಂದು ಬಿಚ್ಚಿಟ್ಟ ಮೋಟಾರುಗಳ ಮೇಲೆ ಕೂರುತ್ತಿತ್ತು. ಅಂದು ಸಂತೆ. ಬಾಗಿಲಿಗೆ ಬಾಗಿಲು ಜನ.

ಹೊನ್ನವ್ವ ಒಳಗೆ ಹೋದವಳೇ ಬಾಗಿಲು ಅರ್ಧ ಎಳೆದುಕೊಂಡಳು.

"ಬರ್ರಿ ಅಕ್ಕಾರ, ಬೋರು ಮತ್ತ ಗಾಳಿ ಹಿಡೀತೇನ್ರಿ?" ಮಾಲತೇಶ ನಗುತ್ತ ಎಡಗೈಯಲ್ಲಿ ಸ್ಟೂಲು ಸರಿಸಿದ. ನಲವತ್ತರ ಗಟ್ಟಿ ಆಳು. ಹಿಂದೆ ನಿಂತ ಮದಿಹಾಳನ್ನು ಕಂಡು ನಗು ಅರ್ಧಕ್ಕೆ ನಿಂತಿತು.

"ಕುಂದ್ರಾಕ ಬಂದಿಲ್ಲ." ಎಲೆ-ಅಡಿಕೆಯ ಡಬ್ಬಿ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು ಹೊನ್ನವ್ವ. "ಇದು ಯಾರ ಕೈ?"

"ದಾರ ಎಲ್ಲಾರೂ ಸುತ್ತತಾರ್ರಿ..."

"ಎಡಕ್ಕ?"

ಮಾಲತೇಶ ಎಡಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ ಸರಿಸಿದ.

"ಕೈ ತೋರಸು. ಎಡಗೈ. ಲೇ ತೋರಸಲೇ!"

ಮಾಲತೇಶ ಮುಷ್ಟಿ ಬಿಚ್ಚಿದ. ಮೂರು ಬೆರಳ ತುದಿಯಲ್ಲಿ ಚರ್ಮ ಬಿಳಿಚಿ, ಮೇಣದಂತಾಗಿ, ಅಂಚಿನಲ್ಲಿ ಸುಲಿದಿತ್ತು. ಮದಿಹಾ ಬಾಗಿ ನೋಡಿದಳು, ಒಂದೇ ಏಟಿಗೆ ಗುರುತಿಸಿದಳು.

"ಇದು ಬೆಂಕಿ ಸುಟ್ಟದ್ದಲ್ಲ ಹೊನ್ನಕ್ಕ, ತಂಪು ಸುಟ್ಟದ್ದು. ಒತ್ತಡದಾಗಿನ ಗ್ಯಾಸ್ ಒಮ್ಮೆಲೆ ಬಿಟ್ರ ಬರ್ಫಕಿಂತ ತಂಪು ಇರತೈತಿ. ಎ.ಸಿ. ಗ್ಯಾಸಽ ಇರಲಿ, ಅಡಿಗಿ ಗ್ಯಾಸಽ ಇರಲಿ, ಕೈಗೆ ಹಾರಿದ್ರ ಹಿಂಗಽ ಬಿಳಿಚತೈತಿ. ಕೆಲಸ ಗೊತ್ತಿಲ್ಲದವ್ರ ಕೈ ಎಲ್ಲಾ ಹಿಂಗಽ." ಅವನತ್ತ ತಿರುಗಿದಳು. "ನಾಚಿಕಿ ಬರಲಿಲ್ಲೇನು? ನಿನ್ನ ದಾರಕ್ಕ ಒಬ್ಬ ಸುಟ್ಟು ಸತ್ತಾನ. ಇನ್ನೊಬ್ಬ ಜೈಲಿನ್ಯಾಗ ಕೊಳ್ಯಾಕತ್ತಾನ. ಎಂಟು ದಿನ! ನೀ ಇಲ್ಲಿ ಕುಂತು ಪಂಪ್ ಕಟ್ಟಾಕತ್ತಿ! ಆ ದಾರ ಯಾಕ ಸುತ್ತಿದಿ?"

"ಯಾಕಂದ್ರ ಏನ್ ಹೇಳ್ಲಿ ತಂಗಿ..." ಮಾಲತೇಶ ತನ್ನ ಬೆರಳನ್ನೇ ಬೈಯುವವನಂತೆ ನೋಡಿಕೊಂಡ. "ಇಪ್ಪತ್ತು ವರ್ಷ ನೀರಿನ ಪೈಪ್ ಕಟ್ಟಿದ ಕೈ. ನಟ್ ಕಂಡ್ರ ಬಟ್ಟು ತಾವಽ ದಾರ ಹುಡುಕತಾವ. ಬ್ಯಾಡ ಅಂತ ಹೇಳಿದ್ದ ಅಂವ. ಆದ್ರೂ..."

"ಯಾಂವ ಹೇಳಿದ್ದ?" ಎಂದಳು ಹೊನ್ನವ್ವ.

ಅವನು ಬಿಚ್ಚಿಟ್ಟ ಮೋಟಾರಿನತ್ತ ತಿರುಗಿದ.

"ಗ್ಯಾಸ್ ತುಂಬಿದಾಂವ ಯಾರು? ನೀನೋ?"

"ನಮ್ಮವ್ವನಾಣಿ ಇಲ್ರಿ! ಡಬ್ಬಿ ಇಳಿಸಾಕ ಕೈ ಹಚ್ಚಿದೆ, ಮತ್ತ ಏರಿಸಿದೆ. ಅಷ್ಟಽ. ಗ್ಯಾಸಿನ ಗಂಧಾನೂ ನನಗ ಗೊತ್ತಿಲ್ಲ."

ಮದಿಹಾ ಈ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಮೇಜಿನ ಮೇಲೆ, ತುಕ್ಕು ಹಿಡಿದ ಪಾನಾಗಳ ನಡುವೆ, ಒಂದು ಸ್ಪ್ಯಾನರ್ ಮಿರಿಮಿರಿ ಮಿಂಚುತ್ತಿತ್ತು. ಎತ್ತಿಕೊಂಡಳು. ಹಿಡಿಯ ತುದಿಯಲ್ಲಿ ಕೆಂಪು ಚುಕ್ಕೆ.

"ಕಳ್ಳ!" ಸಂತೆಯ ಜನ ಬಾಗಿಲ ಕಡೆ ತಿರುಗುವಷ್ಟು ಜೋರಾಗಿ ಕೂಗಿದಳು. "ಇದು ನನ್ನ ಅಂಗಡಿದು! ನನ್ನ ಉಗುರಬಣ್ಣ! ನಮ್ಮ ಅಂಗಡಿ ಸಾಮಾನು ಕದ್ದು, ಅದರಲೇನಽ ನಟ್ ಬಿಚ್ಚಿ, ನನ್ನ ಗಂಡನ ಮ್ಯಾಲೆ ಹಾಕೀಯೇನು? ಹೊನ್ನಕ್ಕ, ವಿಡಿಯೋ ಮಾಡ್ರಿ! ಠಾಣೆಗೆ ಫೋನ್ ಹಚ್ರಿ!"

"ಕದ್ದಿಲ್ಲ!" ಮಾಲತೇಶನಿಗೂ ಈಗ ಸಿಟ್ಟು ಏರಿತು. ಎದೆ ಉಬ್ಬಿಸಿ ಎದ್ದು ನಿಂತ. "ಹನ್ನೊಂದು ದಿನ ಬಾಯಿ ಮುಚಗೊಂಡು ಕುಂತೇನಿ, ದೋಸ್ತಿಗೆ ಮರ್ಯಾದಿ ಕೊಟ್ಟು. ನನ್ನನ್ನಽ ಕಳ್ಳ ಅಂತೀಯೇನು? ಆ ಪಾನಾ ನನ್ನ ಕೈಯಾಗ ಕೊಟ್ಟಾಂವ ನಿನ್ನ ಗಂಡ! ಹೋಗು, ಜೈಲಿಗೆ ಹೋಗಿ ಕೇಳು!"

ಹೊರಗೆ ಯಾರೋ ಈರುಳ್ಳಿ ಕೂಗುತ್ತಿದ್ದರು.

"ಸುಳ್ಳು," ಎಂದಳು ಮದಿಹಾ. ದನಿಯಲ್ಲಿ ಜೋರು ಇರಲಿಲ್ಲ.

"ಗುರುವಾರ ತಗಡು ಹೊಡೀಬೇಕಾದ್ರ ಗೂಡು ಕಂಡೇತಿ ಅಂವಗ. ಒಳಗ ಕೆಂಪು ಬಟ್ಟಿ ಗಂಟು. 'ಅದರ ಮ್ಯಾಲೇ ಡಬ್ಬಿ ಕೂಡಸು, ಆ ಕಡೆ ಕೈ ಒಯ್ಯಬ್ಯಾಡ' ಅಂತ ಗದರಿಸ್ಯಾರ ರಾಯರು. ಗಂಟಿನ ಕಾಗದದ ತುದಿ ಹೊರಗ ಬಂದಿತ್ತಂತ. ಅದರ ಮ್ಯಾಲಿನ ಹೆಸರು ಓದ್ಯಾನ. ಶುಕ್ರವಾರ ಮನ್ಯಾಗ ಯಾರೂ ಇರೂದಿಲ್ಲ, ಒಬ್ಬನಽ ಇಳಿಸಾಕ ಆಗೂದಿಲ್ಲ, ಬಾ ಅಂದ. ಹೋದೆ. ಇಬ್ರೂ ಬಿಚ್ಚಿದ್ವಿ, ಗ್ಯಾಸು ಬುಸ್ ಅಂತು, ನನ್ನ ಕೈ ಸುಟ್ಟಿತು. ಗಂಟು ತಗೊಂಡು ಅಂವ ಹೊರಗ ಹೋಗಿ ನಿಂತ, ಯಾರರ ಬಂದಾರಂತ ನೋಡಾಕ. ನಾನಽ ಕೂಡಿಸಿದೆ. ದಾರ ಸುತ್ತಿದ್ದು ಅಂವಗ ದಾರ್ಯಾಗ ಹೇಳಿದೆ. ಹಣಿ ಬಡಕೊಂಡ. 'ನಾಳೆ ನಾನಽ ಬಂದು ದಾರ ಕಿತ್ತು, ಗ್ಯಾಸ್ ತುಂಬಿ ಸರೀ ಮಾಡ್ತೇನಿ' ಅಂದ."

"ಮತ್ತ ಮಾಡಿದ್ನೇನು?" ಎಂದಳು ಹೊನ್ನವ್ವ.

"ಶನಿವಾರ ಫೋನ್ ಹಚ್ಚಿದ್ದ ನನಗ. ಗಾಬರ್ಯಾಗಿದ್ದ. 'ಮಾಲತೇಶ, ನೀ ಏನರ ಗ್ಯಾಸ್ ತುಂಬಿದಿ? ರಾಯರಿಗೆ ಫೋನ್ ಮಾಡಿದ್ರ ಎ.ಸಿ. ಚಲೋ ಐತಿ, ತಂಪು ಬರಾಕತ್ತೇತಿ, ಬರೂದು ಬ್ಯಾಡ ಅಂತಾರ' ಅಂದ. ಖಾಲಿ ಎ.ಸಿ. ತಂಪು ಹೆಂಗ ಕೊಡತೈತಿ? ನನಗೂ ತಿಳೀಲಿಲ್ಲ, ಅಂವಗೂ ತಿಳೀಲಿಲ್ಲ. ಮರುದಿನ ಬೆಂಕಿ."

ಅತೀಕ ಬಾಯಿ ಬಿಟ್ಟರೆ ಕಳ್ಳ. ಬಿಡದಿದ್ದರೆ ಕೈಕೆಲಸ ಬಾರದ ಕೊಲೆಗಾರ. ಎಂಟು ದಿನದಿಂದ ಅವನು ಎರಡನೆಯದನ್ನೇ ಹೊತ್ತು ಕೂತಿದ್ದ.

ಆ ನಟ್ ಬಿಚ್ಚಬ್ಯಾಡ.

ಮದಿಹಾ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿದಳು. ಒಂದು ಮೋಟಾರಿನ ಮುಚ್ಚಳ ಹಾರಿ ಮೂಲೆಗೆ ಬಿತ್ತು.

"ನನಗ ಹೇಳಲಿಲ್ಲ! ನನಗ! ಊರೆಲ್ಲಾ ತಿರುಗಿ ನನ್ನ ಗಂಡ ಸಾಚಾ, ನನ್ನ ಗಂಡ ಸಾಚಾ ಅಂತ ಗಂಟಲ ಹರಕೊಂಡೇನಿ. ಅಂವ ನನಗಽ ಸುಳ್ಳ ಹೇಳಿ... ಹೊರಗ ಬರಲಿ! ಮೊದಲ ನಾನಽ ಅಂವನ್ನ..."

"ಗಂಟು ಎಲ್ಲೈತಿ?" ಹೊನ್ನವ್ವ ನಡುವೆ ಬಾಯಿ ಹಾಕಿದಳು.

ಮಾಲತೇಶ ಮದಿಹಾಳ ಹೆಗಲು ನೋಡಿದ.

"ಚೀಲದ ತಳದಾಗ ಇಡ್ತೇನಿ ಅಂದಿದ್ದ. ತನ್ನ ಚೀಲದಾಗಲ್ಲ. 'ಆಕೀ ಚೀಲ ಯಾರೂ ಮುಟ್ಟೂದಿಲ್ಲ' ಅಂದಿದ್ದ."

ಮದಿಹಾ ಚೀಲವನ್ನು ನೆಲಕ್ಕೆ ಸುರಿದಳು. ಪೈಪಿನ ಬಾಯಿ ಅರಳಿಸುವ ಸಾಧನ, ಗೇಜು, ಕತ್ತರಿ, ಸುತ್ತುಪಟ್ಟಿಯ ಸುರುಳಿ, ಎಲ್ಲ ಠಣಠಣ ಉರುಳಿದವು. ತಳದ ಪ್ಲೈವುಡ್ ಹಲಗೆ ಒಂದು ಕಡೆ ಎದ್ದಿತ್ತು. ಬೆರಳು ತೂರಿಸಿ ಎತ್ತಿದಳು.

ಕೆಂಪು ಬಟ್ಟೆ.

ಹೊನ್ನವ್ವ ಗಂಟು ಬಿಚ್ಚಿ ಹಳೆಯ ಬಾಂಡ್ ಕಾಗದವನ್ನು ಬೆಳಕಿಗೆ ಹಿಡಿದಳು. ಯಲವಿಗಿ. ಸ್ಟೇಶನ್ ರಸ್ತೆ. ಕೆಳಗೆ ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು, ಪಕ್ಕದಲ್ಲಿ ಹೆಸರು: ದಾವಲಬಿ.

"ಕಳದಾವ ಅಂದಿದ್ರು," ಎಂದಳು ಮದಿಹಾ. "ಗೋಡ್ಯಾಗ ಇಟಗೊಂಡು, ಕಳದಾವ ಅಂದಿದ್ರು. ನಮ್ಮತ್ತಿ ಅವರ ಕಾಲಿಗೆ ಬಿದ್ದಿದ್ಲು ಹೊನ್ನಕ್ಕ."

"ಹೂಂ. ಈಗ ಕೇಳು." ಹೊನ್ನವ್ವನ ದನಿ ಮೊದಲ ಬಾರಿಗೆ ತಗ್ಗಿತು. "ಈ ದಾರ ಕೊಟ್ರ ನಟ್ ಸಡಿಲ ಬಿಟ್ಟಾಂವ ಅತೀಕ ಅಲ್ಲಂತ ಆಕ್ಕೈತಿ. ಆದ್ರ ದಾರದ ಹಿಂದ ಮಾಲತೇಶ ಬರ್ತಾನ, ಮಾಲತೇಶನ ಹಿಂದ ಈ ಕಾಗದ ಬರ್ತೈತಿ. ಇಷ್ಟು ದಿನ ಅಂವನ ಮ್ಯಾಲೆ ಇದ್ದದ್ದು ಅಲಕ್ಷ್ಯದ ಕೇಸು. ಈ ಕಾಗದ ಕಂಡ ಕೂಡ್ಲೆ ಪೊಲೀಸ್ರಿಗೆ ಕೊಲ್ಲಾಕ ಕಾರಣ ಸಿಕ್ಕಂಗ."

"ಈ ಚೀಲ ಹೊತಗೊಂಡು," ಎಂದಳು ಮದಿಹಾ, ಯಾರಿಗೆಂದಿಲ್ಲದೆ, "ನಾ ಪೊಲೀಸ್ ಠಾಣೆಗೆ ನಾಕು ಸಲ ಹೋಗಿ ಬಂದೇನಿ."

ಅರ್ಧ ಎಳೆದಿದ್ದ ಬಾಗಿಲು ಸರಿಯಿತು.

ಹೊರಗೆ, ಗೋವಿನಜೋಳದ ರಾಶಿಯ ಪಕ್ಕ, ಬಿಳಿ ಕಾರು. ಹೊಸ್ತಿಲಲ್ಲಿ ಸುಶೀಂದ್ರ. ಬೆಳಗಿನ ಕೂಗಾಟದ ಗುರುತೇ ಇರಲಿಲ್ಲ ಅವನ ಮುಖದ ಮೇಲೆ. ಲಗ್ನಪತ್ರಿಕೆ ಕೊಡಲು ಬಂದವನಂತೆ ನಿಂತಿದ್ದ.

"ಕೂಗಾಡೂದು ಬ್ಯಾಡ. ಸಂತೀ ದಿನ, ಮಂದಿ ಇದ್ದಾರ." ಅವನ ಕಣ್ಣು ಕೆಂಪು ಬಟ್ಟೆಯ ಮೇಲಿತ್ತು. "ಆ ನಟ್ ನೀವಽ ಇಟಗೋರಿ. ಯಾರಿಗೆ ಬೇಕೋ ತೋರಿಸ್ರಿ. ಆ ಕಾಗದ ಅಷ್ಟು ನನ್ನ ಕೈಯಾಗ ಕೊಟ್ಟುಬಿಡ್ರಿ. ಅಣ್ಣ ನಶ್ಯಾ ಏರಿಸೋ ಮನಶ್ಯಾ, ತಾನಽ ಯಾರನ್ನೋ ಕರಿಸಿ ಅಡಿಗಿ ಗ್ಯಾಸ್ ತುಂಬಿಸಿಕೊಂಡಿದ್ದ ಅಂತ ನಾನಽ ಹೇಳಿಕಿ ಕೊಡ್ತೀನಿ. ನಾಡಿದ್ದು ಸಂಜಿಗೆ ಅತೀಕ ನಿಮ್ಮನ್ಯಾಗ ಇರ್ತಾನ."

ಮದಿಹಾ ಕಾಗದ ನೋಡಿದಳು. ಹೆಬ್ಬೆಟ್ಟು ನೋಡಿದಳು. ಕೈ ಮುಂದೆ ಹೋಯಿತೋ ಹಿಂದೆ ಬಂತೋ ಅವಳಿಗೇ ತಿಳಿಯಲಿಲ್ಲ.

ಹೊನ್ನವ್ವ ಇವರಿಬ್ಬರನ್ನೂ ನೋಡುತ್ತಿರಲಿಲ್ಲ. ಮಾಲತೇಶನ ಬಿಳಿಚಿದ ಬೆರಳ ತುದಿಗಳನ್ನು ನೋಡಿದಳು. ಆಮೇಲೆ ಇಂಜಿನಿಯರನ ಮುಂಗೈಯ ಮೇಲೆ ಒಂದೆಳೆಯೂ ಸುಡದೆ ಉಳಿದ ಕೂದಲನ್ನು ನೋಡಿದಳು. ಪೊಲೀಸರಿಗೇ ಗೊತ್ತಿಲ್ಲದ, ಅಡುಗೆ ಗ್ಯಾಸು ತುಂಬಿದ ಮಾತು ಇವನ ಬಾಯಿಗೆ ಎಲ್ಲಿಂದ ಬಂತು ಎಂದು ಕೇಳಬೇಕಾಗಿಯೇ ಇರಲಿಲ್ಲ.

ಫೋನು ಎತ್ತಿ ವಿಡಿಯೋ ಚಾಲೂ ಮಾಡಿದಳು.

"ಕಾಗದದ ಮಾತು ಆಮ್ಯಾಲ್ರಿ, ಸಾಹೇಬ್ರ," ಎಂದಳು. "ಮೊದಲ ಬೆರಳಿಗೆ ಸುತ್ತಿದ ಆ ಪಟ್ಟಿ ಬಿಚ್ರಿ. ಬೆಂಕಿ ಸುಟ್ಟೇತೋ, ತಂಪು ಸುಟ್ಟೇತೋ ನೋಡೂಣು."